ಶಬ್ದ ಠರಾವಾಗುವವರೆಗೆ

ಹನುಮೇಶನಿಗೆ ಯಾವುದನ್ನೂ ಒಬ್ಬನೇ ತೀರ್ಮಾನಿಸಿ ರೂಢಿ ಇರಲಿಲ್ಲ. ಅಂಗಿ ಕೊಳ್ಳಲು ಹೋದರೆ ನೀಲಿಯೋ ಬಿಳಿಯೋ ಎಂದು ಪಕ್ಕದ ಗಿರಾಕಿಯನ್ನು ಕೇಳುತ್ತಿದ್ದ. ಗಿರಾಕಿ ನೀಲಿ ಅಂದರೆ ನೀಲಿ ಕಟ್ಟಿಸಿಕೊಂಡು ಹೊರಗೆ ಬಂದು, ಎದುರಿನ ಚಹಾದಂಗಡಿಯವನಿಗೆ ತೋರಿಸಿ, ಅವನು ಮುಖ ಸಿಂಡರಿಸಿದರೆ ಮತ್ತೆ ಒಳಗೆ ಹೋಗುತ್ತಿದ್ದ. ಇಂಥವನು ಒಂದು ಇಡೀ ಭಾಷೆಯನ್ನು ಒಬ್ಬನೇ ಕೂತು ಮಾಡಿಬಿಟ್ಟ ಎಂಬುದೊಂದೇ ಈ ಕಥೆಯಲ್ಲಿ ನಂಬಲು ಕಷ್ಟವಾದ ಸಂಗತಿ. ಮಿಕ್ಕಿದ್ದೆಲ್ಲ ನಮ್ಮ ಕಡೆ ದಿನಾ ನಡೆಯುವಂಥದ್ದೇ.

ಗಂಗಾವತಿಯಿಂದ ಸಿದ್ದಾಪುರದ ಕಡೆ ಹೋಗುವ ರಸ್ತೆಯಲ್ಲಿ ಭತ್ತದ ಗದ್ದೆಗಳ ನಡುವೆ ಒಂದು ಕಾಲೇಜು. ನಡೆಸುವವರು ಎಡದಂಡೆ ವಿದ್ಯಾಪ್ರಸಾರಕ ಸಂಘದವರು. ಅಲ್ಲಿಯ ಕಂಪ್ಯೂಟರ್ ವಿಭಾಗಕ್ಕೆ ಹನುಮೇಶನೇ ಮುಖ್ಯಸ್ಥ, ಹನುಮೇಶನೇ ಸಿಬ್ಬಂದಿ. ಹದಿಮೂರು ಕಂಪ್ಯೂಟರುಗಳಲ್ಲಿ ಒಂಬತ್ತು ಚಾಲೂ ಆಗುತ್ತಿದ್ದವು. ಕಲಿಯಲು ಬರುವ ಮಕ್ಕಳು ಬುದ್ಧಿವಂತರೇ, ಆದರೆ ಪ್ರೋಗ್ರಾಮು ಬರೆಯುವ ಭಾಷೆಗಳೆಲ್ಲ ಇಂಗ್ಲಿಷಿನವು. ವಿಷಯ ತಿಳಿದೂ ಶಬ್ದ ತಿಳಿಯದೆ ಫೇಲಾಗುತ್ತಿದ್ದರು. ಅದನ್ನು ನೋಡಲಾರದೆ ಹನುಮೇಶ ಎರಡು ಬೇಸಿಗೆ ಕೂತು ಕನ್ನಡದಲ್ಲೇ ಪ್ರೋಗ್ರಾಮು ಬರೆಯುವ ಒಂದು ಭಾಷೆ ಕಟ್ಟಿದ. ಅದಕ್ಕೆ 'ಕಾಲುವೆ' ಎಂದು ಹೆಸರಿಟ್ಟ.

ಕಂಪ್ಯೂಟರು ಏನನ್ನಾದರೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದರೆ, ಇಂಥ ಹೆಸರಿನದೊಂದು ಇದೆ ಎಂದು ಅದಕ್ಕೆ ಮೊದಲು ಹೇಳಬೇಕು. ಅಡುಗೆಮನೆಯ ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ. ಹಾಗೆ ಹೇಳಲು ಇಂಗ್ಲಿಷಿನಲ್ಲಿ ಒಂದೊಂದು ಭಾಷೆಗೆ ಒಂದೊಂದು ಶಬ್ದ: ಒಂದರಲ್ಲಿ ಲೆಟ್, ಇನ್ನೊಂದರಲ್ಲಿ ವಾರ್. ಹನುಮೇಶ 'ಇರಲಿ' ಎಂದು ಬರೆದ. 'ಇರಲಿ ಪಾಳಿ = 1' ಎಂದು ಒತ್ತಿದರೆ ಕಂಪ್ಯೂಟರು ಪಾಳಿ ಎಂಬ ಹೆಸರಿನಲ್ಲಿ ಒಂದನ್ನು ಇಟ್ಟುಕೊಳ್ಳುತ್ತಿತ್ತು. ತಕರಾರು ಮಾಡುತ್ತಿರಲಿಲ್ಲ. ತಕರಾರು ಮಾಡಲು ಬೇರೆಯವರಿದ್ದರು.

ಈ ಬೇಸಿಗೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದು ಪುಕ್ಕಟೆ ಕಲಿಸಿದ. ಎಲ್ಲರಿಗಿಂತ ಚುರುಕಾಗಿದ್ದವಳು ಲಾಲಬೀ. ಅವಳ ತಾಯಿ ಹಸನಬೀ ಭತ್ತದ ನಾಟಿಗೆ ಹೋಗುವವಳು. ಲಾಲಬೀ ಎಂಟೇ ದಿನದಲ್ಲಿ ತನ್ನ ಓಣಿಯ ನಲ್ಲಿಗೆ ಯಾರ ಕೊಡದ ಪಾಳಿ ಯಾವಾಗ ಎಂದು ಹೇಳುವ ಪ್ರೋಗ್ರಾಮು ಬರೆದಳು. ಓಣಿಯಲ್ಲಿ ಜಗಳವೇನೂ ನಿಲ್ಲಲಿಲ್ಲ, ಆದರೆ ತಪ್ಪು ಯಾರದೆಂದು ಗೊತ್ತಾಗತೊಡಗಿತು.

ಹನುಮೇಶನ ತಲೆಯ ಮೇಲೆ ಒಂದು ಅಂಕಿ ತೂಗುತ್ತಿತ್ತು. ಹೊಸದಾಗಿ ಹದಿನೈದು ಮಂದಿ ಸೇರದಿದ್ದರೆ ವಿಭಾಗ ಮುಚ್ಚಬೇಕೆಂದು ವಿಶ್ವವಿದ್ಯಾಲಯದ ನಿಯಮ. ವಿಭಾಗ ಮುಚ್ಚಿದರೆ ಮಾಸ್ತರನೂ ಮನೆಗೆ ಎಂದು ಸಂಘದ ನಿಯಮ. ನಲವತ್ತೊಂದನೆಯ ವಯಸ್ಸಿನಲ್ಲಿ ಮನೆಗೆ ಹೋದವನನ್ನು ಮತ್ತೆ ಯಾರೂ ಕರೆಯುವುದಿಲ್ಲ ಎಂಬುದು ಯಾವ ನಿಯಮದಲ್ಲೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಜುಲೈ ಮೊದಲ ವಾರಕ್ಕೆ ಹದಿನಾಲ್ಕು ಮಂದಿ ಸೇರಿದ್ದರು. ಹದಿನೈದನೆಯವಳು ಲಾಲಬೀ. ನಾಟಿಯ ಗುಂಪಿನ ಕೆಲಸ ಮುಗಿದ ಮೇಲೆ ತಾಯಿಯನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಳು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹನುಮೇಶನಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ಜಂಭ ಬಂತು. ಕಾಲುವೆಯ ಲೋಕಾರ್ಪಣೆ ಮಾಡಿಸಬೇಕು, ಆಮಂತ್ರಣ ಪತ್ರಿಕೆಯಲ್ಲಿ 'ಭಾಷಾ ಜನಕ ಶ್ರೀ ಹನುಮೇಶ' ಎಂದು ಹಾಕಿಸಬೇಕು ಎಂದು ಆಸೆಪಟ್ಟ. ಆಮಂತ್ರಣ ಎಂದರೆ ಅಧ್ಯಕ್ಷರ ಹೆಸರು ಮೇಲೆ ಬರಬೇಕು. ಅಧ್ಯಕ್ಷರ ಹೆಸರು ಬರಬೇಕಾದರೆ ಅವರನ್ನು ಕೇಳಬೇಕು. ಕರಡು ಹಿಡಿದುಕೊಂಡು ಅಂದಪ್ಪ ಸಾವ್ಕಾರರ ರೈಸ್ ಮಿಲ್ಲಿಗೆ ಹೋದ.

ಅಂದಪ್ಪ ಸಾವ್ಕಾರರು ಕಂಪ್ಯೂಟರನ್ನು ಮುಟ್ಟಿದವರಲ್ಲ. ಆದರೆ ಅವರ ಸಹಿ ಮುಟ್ಟದೆ ಸಂಘದಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ಕರಡನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಭಾಷಾ ಜನಕ ಅಂದ್ರ ಯಾರಪಾ ಮಾಸ್ತರ?"

"ನಾನರಿ ಸಾವ್ಕಾರ್ರ."

"ಆತು. ಇದರಾಗ ಮೊದಲನೇ ಶಬ್ದ ಯಾವ್ದು?"

"'ಇರಲಿ' ಅಂತರಿ."

"ಇದನ್ನ ಯಾವ ಮೀಟಿಂಗಿನ್ಯಾಗ ಠರಾವ ಮಾಡಿದ್ವಿ?"

"ಮಾಡಿಲ್ರಿ."

ಅಂದಪ್ಪ ಕರಡನ್ನು ಮಡಚಿ ಮೇಜಿನ ಮೇಲೆ ಇಟ್ಟರು. "ಕಾಲೇಜಿನ ಗಂಟಿ ಒಡದಾಗ ಹೊಸಾದು ತರಾಕ ಠರಾವ ಮಾಡೇವಿ. ನೀರಿನ ಲೋಟಕ್ಕ ಸರಪಳಿ ಹಾಕಾಕ ಠರಾವ ಮಾಡೇವಿ. ಇಷ್ಟ ದೊಡ್ಡ ಭಾಷಾಕ್ಕ ಠರಾವ ಇಲ್ಲ ಅಂದ್ರ, ನಾಳೆ ಯಾರರ ಕೇಳಿದ್ರ ನಾ ಏನ ಹೇಳ್ಲಿ?"

ಬೇರೆ ಯಾರೇ ಆಗಿದ್ದರೂ, ಲೋಟ ಸಂಘದ್ದು, ಭಾಷೆ ನನ್ನದು ಎನ್ನುತ್ತಿದ್ದರು. ಹನುಮೇಶ, "ಹೌದಲ್ರಿ, ನನಗ ಹೊಳೀಲೇ ಇಲ್ಲ ನೋಡ್ರಿ" ಅಂದ. ಅಷ್ಟಕ್ಕೆ ನಿಲ್ಲದೆ, "ನಿಮ್ಮ ಮನಸಿಗೆ ಯಾವ ಶಬ್ದ ಬರ್ತೈತ್ರಿ?" ಎಂದೂ ಕೇಳಿದ. ಕೆಟ್ಟ ಗಳಿಗೆ ಎಂದರೆ ಇದೇ.

ಅಂದಪ್ಪ ಎದುರಿಗೆ ಇಳಿಯುತ್ತಿದ್ದ ಚೀಲಗಳನ್ನು ನೋಡಿದರು. "'ಜಮಾ' ಅಂತ ಇಡು. ಚೀಲ ಬಂತು, ಜಮಾ ಆತು. ಯಾರಿಗೂ ಬಿಡಿಸಿ ಹೇಳೂದ ಬ್ಯಾಡ. ಒಮ್ಮೆ ಕೊಟ್ರಪ್ಪ ಮಾಸ್ತರ್ರನ್ನೂ ಕೇಳಿಬಿಡು, ಆಮ್ಯಾಲ ಅವರು ಸಿಟ್ಟಾಗೂದ ಬ್ಯಾಡ."

ಕೊಟ್ರಪ್ಪ ಮಾಸ್ತರರು ಸಂಘದ ಉಪಾಧ್ಯಕ್ಷರು, ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಹನುಮೇಶನಿಗೂ ಕಲಿಸಿದ್ದರು, ಮುಖ್ಯವಾಗಿ ಬೆತ್ತದಿಂದ. ಅವರ ಮುಂದೆ ಹನುಮೇಶನ ಕೈಗಳು ಈಗಲೂ ತಾವಾಗಿಯೇ ಕಟ್ಟಿಕೊಳ್ಳುತ್ತಿದ್ದವು.

"ಜಮಾ ಅಂತ? ಕಂಪ್ಯೂಟರ್ ಅಂದ್ರ ಸಾವ್ಕಾರರ ಗೋದಾಮಲ್ಲ" ಎಂದರು ಕೊಟ್ರಪ್ಪ. "ಶಬ್ದಕ್ಕ ಒಂದು ಗಾಂಭೀರ್ಯ ಬೇಕು. 'ಘೋಷಿಸು' ಅಂತ ಬರಿ."

"ಹುಡುಗರಿಗೆ ಒತ್ತಾಕ ತ್ರಾಸ ಆಗ್ತೈತ್ರಿ ಸರ್. ಪ್ರತಿ ಸಾಲಿಗೂ ಬರ್ತೈತದು."

"ಆಗಲಿ. ತ್ರಾಸ ಇಲ್ದ ಕಲತದ್ದು ತಲ್ಯಾಗ ನಿಲ್ಲಂಗಿಲ್ಲ. ನಿನಗ ನಿಂತೈತಿಲ್ಲ?"

ಹನುಮೇಶ ಅಂಗೈ ನೋಡಿಕೊಂಡು, "ನಿಂತೈತ್ರಿ ಸರ್" ಅಂದ. ಮನೆಗೆ ಬಂದು 'ಇರಲಿ' ಅಳಿಸಿ 'ಜಮಾ' ಮಾಡಿದ, 'ಜಮಾ' ಅಳಿಸಿ 'ಘೋಷಿಸು' ಮಾಡಿದ, ಆಮೇಲೆ ಸಾವ್ಕಾರರ ಮುಖ ಕಣ್ಣ ಮುಂದೆ ಬಂದು ಮತ್ತೆ 'ಜಮಾ' ಮಾಡಿದ. ಕಂಪ್ಯೂಟರು ಪಾಪ, ಎಲ್ಲದಕ್ಕೂ ಒಪ್ಪಿತು.

ಅವನ ಹೆಂಡತಿ ಸುಮಂಗಲಾ ಒಲೆಯ ಮುಂದಿನಿಂದ ಇದೆಲ್ಲ ನೋಡುತ್ತಿದ್ದಳು. "ಒಂದ ಮಾತು ಕೇಳ್ತೀನಿ, ಬೈಬ್ಯಾಡ್ರಿ. ನಾ ಡಬ್ಬ್ಯಾಗ ಬ್ಯಾಳಿ ಹಾಕೂ ಮುಂದ ಡಬ್ಬಿಗೆ ಏನರ ಹೇಳ್ತೀನೇನು? ಸುಮ್ನ ಹಾಕ್ತೀನಿ. ನಿಮ್ಮ ಕಂಪ್ಯೂಟರಿಗೂ ಏನೂ ಹೇಳದ ಸುಮ್ನ ಹಾಕಿಬಿಟ್ರ ಆಗಂಗಿಲ್ಲೇನು?"

ಲೋಕದಲ್ಲಿ ಹಾಗೆ ನಡೆಯುವ ಭಾಷೆಗಳೂ ಇವೆ, ಮತ್ತು ಚೆನ್ನಾಗಿಯೇ ನಡೆಯುತ್ತವೆ. ಬೇಳೆ ಬೇಯುವಷ್ಟು ಹೊತ್ತು ಅವನು ಹೆಂಡತಿಯ ಪಕ್ಷದಲ್ಲಿದ್ದ. ಆಮೇಲೆ, ಶಬ್ದವೇ ಬೇಡವೆಂದರೆ ಇಬ್ಬರು ಹಿರಿಯರಿಗೂ ಒಟ್ಟಿಗೆ ಅವಮಾನವಾಗುತ್ತದೆ ಎಂದು ಹೊಳೆದು ಅನ್ನ ಸೇರಲಿಲ್ಲ.

"ನೀವು ಇಷ್ಟ ಮಂದಿಗೆ ಅಂಜೂದು ಬಿಟ್ಟು ಆ ಹುಡುಗಿ ಅರ್ಜಿ ಮೊದಲ ತುಂಬಸ್ರಿ" ಎಂದಳು ಸುಮಂಗಲಾ. "ಒಂದ ಮಂದಿ ಕಮ್ಮಿ ಆದ್ರ ನಾವು ಎಲ್ಲಿಗೆ ಹೋಗೂಣು?"

"ಬರ್ತಾಳ ತಗೋ. ಇನ್ನಾ ಹನ್ನೆರಡು ದಿನ ಐತಿ" ಎಂದ ಹನುಮೇಶ.

ಹನ್ನೆರಡರಲ್ಲಿ ನಾಲ್ಕು ದಿನ ಕಾರ್ಯದರ್ಶಿ ಮರಿಸ್ವಾಮಿಯವರನ್ನು ಹುಡುಕುವುದರಲ್ಲಿ ಹೋದವು. ಅವರು ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸಭೆ ಕರೆಯಲು ನೋಟಿಸು ಅವರೇ ಕೊಡಬೇಕು. ಸಿಕ್ಕಿದಾಗ ವಿಷಯ ಕೇಳಿ ಬಹಳ ಸಂತೋಷಪಟ್ಟರು. ನಿವೃತ್ತಿಯ ನಂತರ ಇಷ್ಟು ಒಳ್ಳೆಯ ತೊಡಕು ಅವರ ಕೈಗೆ ಬಂದಿರಲಿಲ್ಲ.

"ಜಮಾನೂ ಅಲ್ಲ, ಘೋಷಣೆನೂ ಅಲ್ಲ. 'ನಮೂದು' ಅನ್ರಿ ಅದಕ್ಕ" ಎಂದರು. "ಆದ್ರ ನಮೂದು ಅಂದ ಮ್ಯಾಲ ಅದಕ್ಕೊಂದು ಕ್ರಮ ಐತಿ. ಹೆಸರ ಕೊಟ್ಟ ಕೂಡಲೇ ನಮೂದಾಗಬಾರದು. ಮೂವತ್ತ ದಿನ ಆಕ್ಷೇಪಣೆಗೆ ಬಿಡಬೇಕು. ಯಾರೂ ತಕರಾರ ಮಾಡಲಿಲ್ಲ ಅಂದ್ರ ಆಮ್ಯಾಲ ಕಾಯಂ."

"ಪ್ರೋಗ್ರಾಮು ಅರ್ಧ ಸೆಕೆಂಡಿನ್ಯಾಗ ಓಡ್ತೈತ್ರಿ" ಅಂದ ಹನುಮೇಶ.

"ಅದಾ ತಪ್ಪು. ಅಷ್ಟ ಅವಸರ ಯಾಕ ಅದಕ್ಕ?"

ಮೊದಲ ಸಭೆ ಮಿಲ್ಲಿನ ಆಫೀಸಿನಲ್ಲೇ ಕೂಡಿತು. ಸಂಘದ ಸಭೆಗಳೆಲ್ಲ ಅಲ್ಲಿಯೇ. ಅಲ್ಲಿಯ ಪದ್ಧತಿ ಹೀಗೆ: ಒಳಗೆ ಬಂದವರು ಫೋನು ಬಂದ್ ಮಾಡಿ ಮರಿಸ್ವಾಮಿಯವರ ಸ್ಟೀಲ್ ತಾಟಿನಲ್ಲಿ ಇಡಬೇಕು. ಠರಾವು ಪುಸ್ತಕದಲ್ಲಿ ನಡಾವಳಿ ಬರೆದು, ಓದಿ, ಎಲ್ಲರೂ ಸಹಿ ಮಾಡುವವರೆಗೆ ಯಾರೂ ಏಳಬಾರದು. ಹಿಂದೆ ಒಬ್ಬ ಸದಸ್ಯರು ಹೊಟ್ಟೆನೋವೆಂದು ನಡುವೆ ಎದ್ದುಹೋಗಿ ಸದಸ್ಯತ್ವ ಕಳೆದುಕೊಂಡಿದ್ದರು. ಆ ನೋವು ಖರೆ ಇತ್ತೋ ಇಲ್ಲವೋ ಎಂಬ ಚರ್ಚೆ ಇನ್ನೂ ನಡೆದಿದೆ.

ಹನುಮೇಶ ಆ ಸಭೆಗೆ ಒಂದು ಉಪಾಯ ಹೂಡಿಕೊಂಡು ಹೋಗಿದ್ದ. ಭಾಷೆಗಳಲ್ಲಿ ಎರಡು ಬಗೆಯ ಡಬ್ಬಿಗಳಿರುತ್ತವೆ: ಒಂದರೊಳಗಿನ ಬೆಲೆಯನ್ನು ಆಮೇಲೆ ಬದಲಿಸಬಹುದು, ಇನ್ನೊಂದರದ್ದನ್ನು ಬದಲಿಸಲಾಗದು. ಎರಡಕ್ಕೂ ಬೇರೆ ಬೇರೆ ಶಬ್ದ. ಹಾಗಾದರೆ ಇಬ್ಬರು ಹಿರಿಯರನ್ನೂ ಉಳಿಸಬಹುದಲ್ಲ! ಎದ್ದು ನಿಂತು ವಿವರಿಸಿದ: "ಅಧ್ಯಕ್ಷರ 'ಜಮಾ' ಅಂದ್ರ ಅದರ ಬೆಲಿ ಎಂದೂ ಬದಲಾಗಂಗಿಲ್ರಿ. ಉಪಾಧ್ಯಕ್ಷರ 'ಘೋಷಿಸು' ಅಂದ್ರ ಅದು ಬೇಕಾದಾಗ ಬದಲಾಗ್ತೈತ್ರಿ."

ಕೊಟ್ರಪ್ಪ ಮಾಸ್ತರರು ನಿಧಾನವಾಗಿ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

"ಅಂದ್ರ ಸಾವ್ಕಾರರ ಮಾತು ಕಾಯಂ, ನನ್ನ ಮಾತು ಗಾಳಿ ಬಂದ ಕಡಿ ತೂರೂದು. ಹೌದಿಲ್ಲ?"

"ಅಲ್ರಿ ಸರ್, ಬದಲಾಗೂದೂ ಭಾಳ ಮಹತ್ವದ್ದರಿ. ಬದಲಾಗಲಿಲ್ಲ ಅಂದ್ರ ಪ್ರೋಗ್ರಾಮಾ ನಡಿಯಂಗಿಲ್ಲ" ಅಂದ ಹನುಮೇಶ.

ಈಗ ಅಂದಪ್ಪ ಸಾವ್ಕಾರರು ಮುಂದಕ್ಕೆ ಬಾಗಿದರು. "ಹಂಗಂದ್ರ ನನ್ನ ಶಬ್ದದಿಂದ ನಡಿಯಂಗಿಲ್ಲ ಅಂದಂಗಾತು."

ಒಂದೇ ಉಸಿರಿಗೆ ಇಬ್ಬರನ್ನೂ ಅವಮಾನಿಸಿದ ಮನುಷ್ಯ ಆ ಸಂಘದ ಚರಿತ್ರೆಯಲ್ಲಿ ಹನುಮೇಶನೊಬ್ಬನೇ. ಎರಡೂವರೆ ತಾಸಿನ ಬಳಿಕ ಮರಿಸ್ವಾಮಿಯವರು ಒಂದು ದಾರಿ ಕಂಡುಹಿಡಿದರು. ಯಾವ ಶಬ್ದವೇ ಆಗಲಿ, ಪ್ರೋಗ್ರಾಮಿನಲ್ಲಿ ಒಂದು ಡಬ್ಬಿ ತೆರೆಯುವಾಗ ಅದರ ಮುಂದೆ ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಎಂದು ಹೆಸರು ಬರೆಯತಕ್ಕದ್ದು. ಇದೊಂದಕ್ಕೆ ಎಲ್ಲರೂ ಒಪ್ಪಿದರು. ಶಬ್ದವನ್ನು ಮುಂದಿನ ಸಭೆಗೆ ಬಿಟ್ಟರು. ಮುಂದಿನ ಸಭೆ ಇಪ್ಪತ್ತೈದನೆಯ ತಾರೀಖು, ಮಧ್ಯಾಹ್ನ ಹನ್ನೆರಡಕ್ಕೆ. ಪ್ರವೇಶದ ಕೊನೆಯ ದಿನವೂ ಇಪ್ಪತ್ತೈದೇ.

ಹನುಮೇಶ ರಾತ್ರಿ ಹಗಲೆನ್ನದೆ ಸೂಚಕರನ್ನೂ ಅನುಮೋದಕರನ್ನೂ ಭಾಷೆಯೊಳಗೆ ತುರುಕಿದ. ಸಾಲು ಉದ್ದವಾಗಿ ತೆರೆಯ ಆಚೆ ಹೋಗುತ್ತಿತ್ತು. ಲಾಲಬೀ ಒಂದು ದಿನ ಬಂದು ಅದನ್ನು ನೋಡಿ, "ಸರ್, ನಲ್ಲಿ ಪಾಳಿಗೆ ಯಾರನ್ನ ಸೂಚಕರಂತ ಹಾಕ್ಲಿರಿ? ನಮ್ಮ ಓಣ್ಯಾಗ ಯಾರೂ ಯಾರನ್ನೂ ಅನುಮೋದನ ಮಾಡಂಗಿಲ್ಲ" ಎಂದು ಕೇಳಿದಳು. ಹನುಮೇಶನಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ. "ಸದ್ಯಕ್ಕ ನನ್ನ ಹೆಸರು ಹಾಕವ್ವಾ" ಅಂದ. ಅವಳು ಇಪ್ಪತ್ತೈದಕ್ಕೆ ತಾಯಿಯೊಂದಿಗೆ ಬರುವುದಾಗಿ ಹೇಳಿದಳು. ಅದಕ್ಕಿಂತ ಮೊದಲು ಹಸನಬೀಗೆ ನಾಟಿ ಬಿಡುವ ಹಾಗಿರಲಿಲ್ಲ.

"ಬರ್ರಿ. ಅರ್ಜಿಗೆ ಅವ್ವನ ಸಹಿ ಆದ ಮ್ಯಾಲ ನನ್ನ ಸಹಿ ಒಂದ ಬೇಕು, ಅರ್ಧ ನಿಮಿಷದ ಕೆಲಸ" ಅಂದ ಹನುಮೇಶ.

ಇಪ್ಪತ್ತೈದರ ಬೆಳಿಗ್ಗೆ ಅವನು ಕಾಲೇಜಿನಲ್ಲಿ ಹನ್ನೊಂದೂಮುಕ್ಕಾಲಿನವರೆಗೆ ಕಾದ. ಬಸ್ಸು ಬರಲಿಲ್ಲ. ಪ್ರಿನ್ಸಿಪಾಲರಾದ ವಿಜಯಲಕ್ಷ್ಮಿ ಮೇಡಂ ಗಡಿಯಾರ ನೋಡಿ, "ಸರ್, ನೀವು ಮೀಟಿಂಗಿಗೆ ಹೋಗಲೇಬೇಕೇನ್ರಿ?" ಎಂದರು. ಹೋಗದಿದ್ದರೆ ಭಾಷೆ ಹೋಯಿತು, ಹೋದರೆ ಒಂದು ತಾಸಿನಲ್ಲಿ ಬರಬಹುದು ಎಂದು ಅವನ ಎಣಿಕೆ. "ಹೋಗಲೇನ್ರಿ ಮೇಡಂ?" ಎಂದು ಅವರನ್ನೇ ಕೇಳಿದ. ಸಂಘದ ಅಧ್ಯಕ್ಷರ ಸಭೆಗೆ ಹೋಗಬೇಡ ಎಂದು ಯಾವ ಪ್ರಿನ್ಸಿಪಾಲರು ಹೇಳುತ್ತಾರೆ? ಹೋದ.

ಅವನು ಮಿಲ್ಲಿನ ತಾಟಿನಲ್ಲಿ ಫೋನು ಇಟ್ಟ ಹೊತ್ತಿಗೇ ತಾಯಿ ಮಗಳು ಬಸ್ಸಿಳಿದು ಕಾಲೇಜಿನೊಳಗೆ ಬಂದರು ಎಂದು ಆಮೇಲೆ ತಿಳಿಯಿತು.

ಕೊಟ್ರಪ್ಪ ಮಾಸ್ತರರು ಶಬ್ದಗಳ ಹುಟ್ಟಿನಿಂದ ಶುರುಮಾಡಿ ಎರಡು ಗಂಟೆಗೆ ಅವುಗಳ ಯೌವನಕ್ಕೆ ಬಂದರು. ಅಂದಪ್ಪ ಸಾವ್ಕಾರರು, ತಾವು ಹಟ ಮಾಡುವವರಲ್ಲ, ಆದರೆ ಜಮಾ ಬಿಡುವವರೂ ಅಲ್ಲ ಎಂದರು. ಮೂರು ಗಂಟೆಗೆ ಮಿರ್ಚಿ ಭಜಿ ಬಂತು. ಭಜಿ ತರಿಸಲು ಠರಾವು ಬೇಕಿರಲಿಲ್ಲ. ಹನುಮೇಶ ಬಾಗಿಲ ಕಡೆ ನೋಡಿದ, ತಾಟಿನ ಕಡೆ ನೋಡಿದ. ಎರಡು ಸಲ ಕುರ್ಚಿಯಿಂದ ಅರ್ಧ ಎದ್ದ.

"ಯಾಕ ಮಾಸ್ತರ?" ಎಂದರು ಅಂದಪ್ಪ.

"ಏನಿಲ್ರಿ" ಎಂದು ಕೂತ.

ಅತ್ತ ವಿಜಯಲಕ್ಷ್ಮಿ ಮೇಡಂ ಹತ್ತೊಂಬತ್ತು ಸಲ ಫೋನು ಹಚ್ಚಿದರು. ತಾವೇ ಸಹಿ ಮಾಡಿಬಿಡೋಣವೆಂದರೆ ಒಬ್ಬರ ಸಹಿ ಇನ್ನೊಬ್ಬರು ಮಾಡಬಾರದೆಂದು ಸಂಘದ ಠರಾವು ಇತ್ತು. ಕೊನೆಗೆ ಅರ್ಜಿ ಕೊಟ್ಟು ಜವಾನನನ್ನು ಸೈಕಲ್ ಮೇಲೆ ಮಿಲ್ಲಿಗೆ ಅಟ್ಟಿದರು. ಗೇಟಿನ ಕಾವಲುಗಾರ ಅವನನ್ನು ಮರ್ಯಾದೆಯಿಂದ ಕೂರಿಸಿ, "ಒಳಗ ಮೀಟಿಂಗ್ ನಡದೈತಿ. ಯಾರನ್ನೂ ಬಿಡಬ್ಯಾಡ ಅಂದಾರ" ಎಂದು ಚಹಾ ಕೊಟ್ಟ. ಗೋಡೆಯ ಈ ಕಡೆ ಅರ್ಜಿ, ಆ ಕಡೆ ಹನುಮೇಶ. ಜವಾನ ಚಹಾ ಕುಡಿದು, ಇನ್ನೊಂದು ಕಪ್ ಕುಡಿದು, ತಿರುಗಿ ಹೋದ.

ನಾಲ್ಕೂಮುಕ್ಕಾಲಿಗೆ ಮರಿಸ್ವಾಮಿಯವರು ನಡಾವಳಿ ಓದಿದರು: ಸದರಿ ಶಬ್ದದ ಬಗ್ಗೆ ಸುದೀರ್ಘ ಚರ್ಚೆ ನಡೆದು, ಒಮ್ಮತ ಬಾರದ ಕಾರಣ ಮುಂದಿನ ತಿಂಗಳ ಸಭೆಗೆ ಮುಂದೂಡಲಾಯಿತು. ಎಲ್ಲರೂ ಸಹಿ ಮಾಡಿದರು. ಹನುಮೇಶನೂ ಮಾಡಿದ. ಅವನು ಆ ದಿನ ಮಾಡಿದ ಸಹಿ ಅದೊಂದೇ.

ಕಾಲೇಜು ಮುಟ್ಟಿದಾಗ ಐದೂ ಇಪ್ಪತ್ತು. ವಿಶ್ವವಿದ್ಯಾಲಯದ ಅರ್ಜಿ ತುಂಬುವ ಕಂಪ್ಯೂಟರ್ ಐದಕ್ಕೆ ಸರಿಯಾಗಿ ಬಾಗಿಲು ಹಾಕಿಕೊಂಡಿತ್ತು. ವಿಜಯಲಕ್ಷ್ಮಿ ಮೇಡಂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಉಳದ ಹದಿನಾಕ ಮಂದಿನ್ನ ಗಂಗಾವತಿ ಕಾಲೇಜಿಗೆ ವರ್ಗಾ ಮಾಡಬೇಕಾಗ್ತೈತ್ರಿ. ನಿಮ್ಮ ಪತ್ರ ಸೋಮವಾರ ಕೊಡ್ತೀನಿ" ಎಂದು ಬೀಗದ ಕೈ ಎತ್ತಿಕೊಂಡರು.

ಹನುಮೇಶ ತಲೆಯಾಡಿಸಿ ಹೊರಟ. ಹೊರಗೆ ಬಂದರೆ ರಸ್ತೆಯ ಬದಿಯ ಬಸ್ಸಿನ ಕಟ್ಟೆಯ ಮೇಲೆ ಲಾಲಬೀ ಒಬ್ಬಳೇ ಕೂತಿದ್ದಳು. ಅವನನ್ನು ನೋಡಿ ಎದ್ದು ನಿಂತಳು.

"ಅವ್ವ ಸಹಿ ಮಾಡಿ ಮೂರರ ತನಾ ಕುಂತಿದ್ಲುರಿ ಸರ್. ಆಮ್ಯಾಲ ಗುಂಪಿನವ್ರು ಕರಿಯಾಕ ಬಂದ್ರು, ಹೋದ್ಲು. ನಾಕೂವರಿಗೆ ಕ್ಲಾರ್ಕ್ ಸರ್ ಹೇಳಿದ್ರು, ಬಿ.ಎ.ದ ಮುಖ್ಯಸ್ಥರು ಇಲ್ಲೇ ಅದಾರ, ಅದನ್ನರ ತುಂಬು, ಇಲ್ಲಾಂದ್ರ ಈ ವರ್ಷ ಎರಡೂ ಹೋಗ್ತಾವ ಅಂತ. ತುಂಬಿದ್ನಿರಿ."

"ಛಲೋ ಮಾಡಿದಿ" ಎಂದ ಹನುಮೇಶ.

"ಶಬ್ದ ಯಾವ್ದ ಆತ್ರಿ ಸರ್?"

"ಇನ್ನಾ ಆಗಿಲ್ಲವ್ವಾ. ಮುಂದಿನ ತಿಂಗಳಕ್ಕ ಇಟ್ಟಾರ."

ಲಾಲಬೀ ತಲೆಯಾಡಿಸಿದಳು. ಆಮೇಲೆ ಏನೋ ಲೆಕ್ಕ ಹಾಕಿದವಳಂತೆ ಅವನ ಮುಖ ನೋಡಿದಳು. "ಸರ್, ನಾ ಇಲ್ಲಾಂದ್ರ ಎಷ್ಟ ಮಂದಿ ಆದ್ರುರಿ?"

"ಹದಿನಾಕ."

ಹುಡುಗಿಗೆ ತಿಳಿಯಿತು. ಕೈಯಲ್ಲಿದ್ದ ರಸೀದಿ ಮಡಚಿದಳು, ಮತ್ತೆ ಬಿಚ್ಚಿದಳು. ಕಣ್ಣಲ್ಲಿ ನೀರು ಬಂತು. "ನಾ ಇನ್ನ ಅರ್ಧ ತಾಸು ಕೂಡಬೇಕಿತ್ರಿ ಸರ್."

"ಇಲ್ಲವ್ವಾ" ಎಂದ ಹನುಮೇಶ. "ನಾ ಏಳಬೇಕಿತ್ತು."

ಬಸ್ಸು ಬಂತು. ಲಾಲಬೀ ಹತ್ತಲಿಲ್ಲ. ಕಂಡಕ್ಟರ್ ಇಬ್ಬರನ್ನೂ ಒಮ್ಮೆ ನೋಡಿ ಸೀಟಿ ಊದಿದ. ಮುಂದಿನ ಬಸ್ಸು ಆರೂಕಾಲಿಗೆ ಇತ್ತು. ಅಲ್ಲಿಯವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತರು.